ಆರದ ದೀಪ, ಏಳದ ಕಾರು

ಸುಮ್ಮನೆ ಉರಿಯುವ ಲೈಟು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಜಿಪುಣತನವಲ್ಲ, ವೃತ್ತಿದೋಷ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ‘ಹೋಗುವಾಗ ಸ್ವಿಚ್ ಆರಿಸಿ’ ಎಂದು ಪಾಯಿಖಾನೆಯ ಬಾಗಿಲಿಗೂ ಬರೆಸಿದವನು ನಾನೇ. ಒಮ್ಮೆ ನೆಂಟರ ಮನೆಗೆ ಊಟಕ್ಕೆ ಹೋದವನು ಅಭ್ಯಾಸಬಲದಿಂದ ಅವರ ಹಿತ್ತಲಿನ ಲೈಟು ಆರಿಸಿ, ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನಿಂದ ಮಂಗಳಾರತಿ ಮಾಡಿಸಿಕೊಂಡದ್ದೂ ಉಂಟು. ಇಂಥವನ ಕಾರಿನ ಬ್ಯಾಟರಿಯೇ ವಾರಕ್ಕೊಮ್ಮೆ ಸಾಯತೊಡಗಿದರೆ ಆ ಅವಮಾನವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ವಾರವೆಲ್ಲ ನಾನು ಓಡಾಡುವುದು ಕಾರ್ಖಾನೆಯ ಬಸ್ಸಿನಲ್ಲಿ. ಕಾರು ಇರುವುದು ಭಾನುವಾರಕ್ಕೆ, ಅದೂ ಅಮ್ಮನನ್ನು ದೊಡ್ಡಬಳ್ಳಾಪುರದಿಂದ ಸೂಲಿಬೆಲೆಗೆ ಕರೆದುಕೊಂಡು ಹೋಗಲು. ಅಲ್ಲಿ ಅವಳ ಅಕ್ಕ, ನನ್ನ ದೊಡ್ಡಮ್ಮ, ಹಾಸಿಗೆ ಹಿಡಿದು ವರ್ಷವಾಯಿತು. ದೊಡ್ಡಮ್ಮ ಏನನ್ನು ಮರೆತರೂ ಭಾನುವಾರವನ್ನು ಮಾತ್ರ ಮರೆಯುವುದಿಲ್ಲ. ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗುತ್ತಾಳಂತೆ. ಎರಡೆರಡು ಬಸ್ಸು ಹತ್ತಿಳಿಯಲು ಅಮ್ಮನ ಮಂಡಿ ಒಪ್ಪುವುದಿಲ್ಲ. ಬಾಡಿಗೆ ಕಾರು ತರುತ್ತೇನೆಂದರೆ ಅಮ್ಮನೇ ಒಪ್ಪುವುದಿಲ್ಲ. “ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಬಾಡಿಗೆ ಕಾರಲ್ಲಿ ಹೋದ್ರೆ ನೋಡಿದೋರು ಏನಂತಾರೋ?”

ಆಯುಧಪೂಜೆಯ ದಿನ ಅಮ್ಮ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣೇಶನನ್ನು ಕೂರಿಸಿ, “ದೇವ್ರ ಮುಂದೆ ಒಂದು ದೀಪ ಇರ್ಲಿ ಕಣಪ್ಪ” ಅಂದಳು. ಎಲೆಕ್ಟ್ರಿಕಲ್ ಸೂಪರ್‌ವೈಸರಿಗೆ ಅಷ್ಟು ಹೇಳಿದರೆ ಸಾಕಲ್ಲ! ಗಣೇಶನ ಸುತ್ತ ಒಂದು ಸೀರಿಯಲ್ ಸೆಟ್ ಸುತ್ತಿದೆ. ಪಕ್ಕದಲ್ಲಿ ಎಡೆಬಿಡದೆ ಮಂತ್ರ ಹೇಳುವ ಡಬ್ಬಿಯೊಂದನ್ನು ಅಂಟಿಸಿದೆ. ಕೀ ತೆಗೆದ ಕೂಡಲೇ ದೇವರ ದೀಪ ಆರಿಹೋದರೆ ಅಪಶಕುನವೆಂದು ಬ್ಯಾಟರಿಯಿಂದಲೇ ನೇರವಾಗಿ, ಯಾರ ಕಣ್ಣಿಗೂ ಬೀಳದಂತೆ ತಂತಿ ಎಳೆದೆ. ಆ ಕೈಚಳಕಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಮುಂದಿನ ಭಾನುವಾರ ಕೀ ತಿರುಗಿಸಿದರೆ ಕಾರು ‘ಕಟ್’ ಅಂದು ಸುಮ್ಮನಾಯಿತು. “ಲೈಟ್ ಏನಾದ್ರೂ ಹಾಕಿ ಬಿಟ್ಟಿದ್ರಾ ನೋಡ್ರಿ” ಎಂದಳು ಹೆಂಡತಿ. “ನಾನು? ಲೈಟು? ಒಂದೂ ಇಲ್ಲ!” ಎಂದು ಗುಡುಗಿದೆ. ಕಣ್ಣೆದುರೇ ಗಣೇಶನ ದೀಪ ಮಿಣಿಮಿಣಿ ಅನ್ನುತ್ತಿತ್ತು. ಆದರೆ ಅದು ದೇವರ ದೀಪ, ಲೈಟಲ್ಲವಲ್ಲ! ಅಮ್ಮ ಅದನ್ನೇ ನೋಡಿ, “ದೀಪ ಮಂಕಾಗಿದೆ. ದೇವ್ರಿಗೆ ಏನೋ ಕೋಪ ಬಂದಿರ್ಬೇಕು” ಎಂದು ಇನ್ನೊಂದು ದೀಪದ ಹರಕೆ ಹೊತ್ತಳು. ಬ್ಯಾಟರಿ ಚಾರ್ಜ್ ಮಾಡಿಸಿದೆ. ಹರಕೆಯಂತೆ ಇನ್ನೊಂದು ಸೀರಿಯಲ್ ಸೆಟ್ಟನ್ನೂ ಸುತ್ತಿದೆ. ಎರಡನೆಯ ಭಾನುವಾರ ‘ಕಟ್’ ಕೂಡ ಅನ್ನಲಿಲ್ಲ. ಹೊಸ ಬ್ಯಾಟರಿ ತಂದು, ನಿಂಬೆಹಣ್ಣು ಇಳಿ ತೆಗೆದು ಕೂರಿಸಿದೆ. ಮೂರನೆಯ ಭಾನುವಾರ ಅದೂ ಮಲಗಿತ್ತು. ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ ಇಳಿದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು, ಇಷ್ಟು ವರ್ಷ ಕಲಿತದ್ದೆಲ್ಲ ದಂಡವೆಂದು ನಿಜಕ್ಕೂ ಕಣ್ಣೀರು ಹಾಕಿದೆ.

ಕೊನೆಗೆ ಮಾನ ಬಿಟ್ಟು ಆಟೋ ಎಲೆಕ್ಟ್ರಿಷಿಯನ್ ಮುನಿರಾಜುವನ್ನು ಕರೆಸಿದೆ. ಅವನು ಬ್ಯಾಟರಿಗೆ ಚಾರ್ಜ್ ಕೊಟ್ಟು, ಮೀಟರು ಹಚ್ಚಿ, ಒಂದೊಂದೇ ಫ್ಯೂಸು ಕೀಳುತ್ತ ಬಂದ. ಎಲ್ಲ ಕಿತ್ತರೂ ಮೀಟರಿನ ಅಂಕಿ ಇಳಿಯಲಿಲ್ಲ.

“ಇನ್ನೂ ಕರೆಂಟ್ ಎಳೀತಾನೇ ಐತೆ ಸಾರ್. ಸ್ವಲ್ಪನೇ, ಆದ್ರೆ ವಾರಗಟ್ಲೆ ಎಳುದ್ರೆ ಯಾವ ಬ್ಯಾಟ್ರಿ ತಡೀತದೆ? ಯಾರೋ ತಲೆಕೆಟ್ಟೋನು ಡೈರೆಕ್ಟಾಗಿ ಲೈನ್ ಕೊಟ್ಟವ್ನೆ.”

ನಾನು ಕೆಮ್ಮಿದೆ. ಮುನಿರಾಜು ತಂತಿಯ ಜಾಡು ಹಿಡಿದು ಬಾನೆಟ್ಟಿನಿಂದ ಒಳಕ್ಕೆ ಬಂದು ಗಣೇಶನ ಮುಂದೆ ನಿಂತ. ಮಂತ್ರದ ಡಬ್ಬಿಗೆ ಕಿವಿಯಿಟ್ಟ. ಹೆಂಡತಿಗೆ ತಲೆನೋವೆಂದು ನಾನು ಸದ್ದು ತಗ್ಗಿಸಿದ್ದೆ. ಜಪ ಮಾತ್ರ ಒಳಗೊಳಗೇ ನಡೆದಿತ್ತು. ಅವನು ಚಪ್ಪಲಿ ಬಿಟ್ಟು ಕೈಮುಗಿದ. “ದೇವ್ರ ಲೈನು ನಾನ್ ಕೀಳಕಿಲ್ಲ ಸಾರ್. ನೀವೇ ಕೀಳಿ.”

ನನಗೂ ಕೈ ಬರಲಿಲ್ಲ. ಇಬ್ಬರೂ ಕಳ್ಳರ ಹಾಗೆ ನಿಂತಿರುವಾಗ ಅಮ್ಮ ಬಂದು ಎಲ್ಲ ಕೇಳಿಸಿಕೊಂಡಳು.

“ದೇವಸ್ಥಾನದಲ್ಲೇ ರಾತ್ರಿ ಬಾಗ್ಲು ಹಾಕ್ತಾರೆ. ದೀಪ ಇಡು ಅಂದೆ, ಆರಿಸ್ಬೇಡ ಅಂದ್ನೇನೋ? ಒಂದು ಸ್ವಿಚ್ ಇಡೋಕಾಗ್ಲಿಲ್ವಾ ನಿಂಗೆ?” ಎನ್ನುತ್ತ ತಂತಿಯನ್ನು ಸರಕ್ಕನೆ ಕಿತ್ತು ನನ್ನ ಕೈಗೆ ಕೊಟ್ಟಳು.

ನಾಲ್ಕನೆಯ ಭಾನುವಾರ ಕಾರು ಒಂದೇ ಏಟಿಗೆ ಎದ್ದಿತು. ಸೂಲಿಬೆಲೆಯಲ್ಲಿ ದೊಡ್ಡಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಅಮ್ಮನ ಕೈ ಹಿಡಿದುಕೊಂಡು, “ಮೂರು ವಾರ ಯಾಕೇ ಬರ್ಲಿಲ್ಲ?” ಎಂದಳು. ಅಮ್ಮ ಒಮ್ಮೆ ನನ್ನ ಕಡೆ ನೋಡಿದಳು.

“ದೇವ್ರು ಬಿಡ್ಲಿಲ್ಲ ಕಣಕ್ಕ” ಎಂದಳು.

ದೊಡ್ಡಮ್ಮ ಮಲಗಿದಲ್ಲೇ ಕೈಮುಗಿದಳು. ಹದಿನೆಂಟು ವರ್ಷದ ಅನುಭವವಿರುವ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಅದನ್ನು ತಿದ್ದಲು ಹೋಗಲಿಲ್ಲ. ಅವನೂ ಕೈಮುಗಿದ.