ಗರಿಶಾಲಿಗೆ ಬಿದ್ದ ತೂತು

ಊಟದ ಡಬ್ಬಿಯ ಕೊಕ್ಕೆ ಎಂದರೆ ಒಂದು ತುಂಡು ತಂತಿ, ಅಷ್ಟೆ. ಅದರಿಂದ ಒಬ್ಬ ಮನುಷ್ಯನ ಹಣೆಬರಹ ಬದಲಾಗಬಹುದೆಂದು ಡಬ್ಬಿ ಮಾಡಿದವನಿಗೂ ಗೊತ್ತಿದ್ದಿರಲಾರದು. ಗುಮಾಸ್ತನಿಗಂತೂ ಬಸ್ಸಿನಲ್ಲಿ ಕೂತು ಚೀಲದ ಬಾಯಿ ಬಿಚ್ಚುವವರೆಗೆ ಗೊತ್ತಿರಲಿಲ್ಲ.

"ದಾರೀಲಿ ಬಿಚ್ಚಬೇಡಿ," ಎಂದು ಹೆಂಡತಿ ಬಾಗಿಲಲ್ಲೇ ಹೇಳಿದ್ದಳು. "ಯಾರಿಗೂ ತೋರಿಸೋಕೆ ಹೋಗ್ಬೇಡಿ. ನೀರು ಸೋಕಿಸಬೇಡಿ. ಒದ್ದೆ ಮಾಡಿ, ಎಳೆದು, ಸುತ್ತ ಗುಂಡುಸೂಜಿ ಚುಚ್ಚಿ ಒಣಗಿಸಿದ್ದಕ್ಕೇ ಗರಿ ಬಿಚ್ಚಿಕೊಂಡಿರೋದು. ಮತ್ತೆ ನೀರು ಬಿತ್ತೋ, ಮುದುರಿಕೊಳ್ಳುತ್ತೆ."

"ನಾನೇನು ಚಿಕ್ಕ ಮಗೂನೇನೇ?" ಎಂದು ಅವನು ಹೊರಟಿದ್ದ.

ಚೀಲದಲ್ಲಿದ್ದದ್ದು ಶಾಲು. ಹೆಂಡತಿಯೇ ಉಣ್ಣೆ ಹಿಂಜಿ, ತಕಲಿಯಲ್ಲಿ ನೂಲು ತೆಗೆದು, ಎರಡು ಕಡ್ಡಿಗಳಲ್ಲಿ ಹೆಣೆದ ಶಾಲು. ಅದರ ಕಸುಬು ಇಷ್ಟೇ: ಒಂದು ಕಡೆ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುವುದು, ಪಕ್ಕದಲ್ಲಿ ನೂಲನ್ನು ಕಡ್ಡಿಯ ಮೇಲೆ ಸುಮ್ಮನೆ ಹಾಯಿಸಿ ಒಂದು ತೂತು ಬಿಡುವುದು. ಸಾಲಿನ ಮೇಲೆ ಸಾಲು ಆ ತೂತುಗಳು ಒಂದಿಷ್ಟು ಸರಿಯುತ್ತ ಹೋದರೆ ಹಕ್ಕಿಯ ಗರಿ ಮೂಡುತ್ತದೆ. ಒಂದು ತೂತು ತಪ್ಪಿದರೆ ಗರಿ ಸೊಟ್ಟ. "ನೂಲಿಗಿಂತ ತೂತೇ ಜಾಸ್ತಿ ಇದೆಯಲ್ಲೇ," ಎಂದು ಗುಮಾಸ್ತ ಒಮ್ಮೆ ನಕ್ಕಿದ್ದ. "ತೂತಿಗೇ ಕಣ್ರೀ ಕಷ್ಟಪಡೋದು," ಎಂದಿದ್ದಳು ಅವಳು, ಕಡ್ಡಿಯಿಂದ ಕಣ್ಣೆತ್ತದೆ.

ಕಚೇರಿಯ ವಾರ್ಷಿಕ ಕೂಟಕ್ಕೆ ಅವಳು ಗರಿಶಾಲು ಹೊದ್ದು ಬಂದದ್ದೇ ತಪ್ಪಾಯಿತು. ಸಾಹೇಬರ ಹೆಂಡತಿ ದೂರದಿಂದ ನೋಡಿ, "ಚೆನ್ನಾಗಿದೆ," ಎಂದರು. ಆ ಕಚೇರಿಯಲ್ಲಿ ಅಮ್ಮಾವ್ರು ಏನನ್ನಾದರೂ ಚೆನ್ನಾಗಿದೆ ಅಂದರೆ ಅದು ಅಮ್ಮಾವ್ರ ಮನೆಗೆ ಹೋಗಬೇಕು. ಜವಾನನ ಹೂಕುಂಡಗಳು ಹೋಗಿದ್ದವು. ಟೈಪಿಸ್ಟಮ್ಮನ ತಮ್ಮ ಕೆತ್ತಿದ ಮರದ ಜಿಂಕೆ ಹೋಗಿತ್ತು. ಇದಕ್ಕೆ ಯಾರೂ ಲಂಚ ಅನ್ನುತ್ತಿರಲಿಲ್ಲ, ಪ್ರೀತಿ ಅನ್ನುತ್ತಿದ್ದರು. ವಸ್ತುಗಳು ಹೊಗೆಯ ಹಾಗೆ ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದವು. ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದುದು ಬೈಗುಳ ಮತ್ತು ವರ್ಗಾವಣೆ.

ಈ ಸಲದ ವರ್ಗಾವಣೆ ಗುಮಾಸ್ತನ ತಲೆಯ ಮೇಲೆ ತೂಗುತ್ತಿತ್ತು. ಗುಡ್ಡದ ಶಾಖೆಗೆ. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಸುತ್ತ ಕುರಿ. ಚಳಿಯೆಂದರೆ ಶಾಯಿ ಹೆಪ್ಪುಗಟ್ಟುವ ಚಳಿ. ಗುಮಾಸ್ತನೋ, ಪಕ್ಕದ ಮನೆಯಲ್ಲಿ ಫ್ರಿಜ್ ತೆರೆದರೆ ಇಲ್ಲಿ ಸೀನುವವನು. ಮಗಳ ಶಾಲೆ, ಅತ್ತೆಯ ಕಾಲುನೋವು ಬಿಟ್ಟು ಹೆಂಡತಿ ಜೊತೆಗೆ ಬರುವ ಹಾಗೂ ಇರಲಿಲ್ಲ. ಶಾಲು ಇವತ್ತು ಸಂಜೆ ಸಾಹೇಬರ ಮನೆ ಸೇರಿದರೆ ವರ್ಗಾವಣೆಗೆ ಸಹಿ ಬೀಳದೆ ಉಳಿದೀತೆಂದು ಹೆಡ್ ಕ್ಲರ್ಕು ಕಿವಿಯಲ್ಲಿ ಊದಿದ್ದರು.

ಹೆಂಡತಿಯ ಮುಂದೆ ಈ ಮಾತು ತೆಗೆಯುವಾಗ ಗುಮಾಸ್ತ ಜಗಳಕ್ಕೆ ಸಿದ್ಧನಾಗಿದ್ದ. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಮಡಿಸಿದ ಶಾಲು ತಂದು ಚೀಲಕ್ಕೆ ಹಾಕಿದಳು. ಕಣ್ಣೀರಿಲ್ಲ, ಗೊಣಗಾಟವಿಲ್ಲ. ಅವನಿಗೆ ಕೊಂಚ ನಿರಾಸೆಯೇ ಆಯಿತು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನೆರೆಮನೆಯ ನಿವೃತ್ತ ಮೇಷ್ಟ್ರು. ಬೇರೆಯವರ ಚೀಲ ಅವರಿಗೆ ತೆರೆದ ಪುಸ್ತಕ.

"ಏನಪ್ಪಾ ಅದು? ಬೆಕ್ಕೇನು?"

"ಬೆಕ್ಕಲ್ಲ ಸಾರ್, ಶಾಲು."

"ಶಾಲನ್ನ ಹೀಗೆ ಮಗು ಥರ ತಬ್ಕೊಂಡು ಕೂತಿದ್ದೀಯಲ್ಲ? ಎಲ್ಲಿ, ತೋರ್ಸು."

"ಹೆಂಡ್ತಿ ಬೇಡ ಅಂದಿದ್ದಾಳೆ."

"ಓಹೋ," ಎಂದರು ಮೇಷ್ಟ್ರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಹೆಂಡ್ತಿ ಬೇಡ ಅಂದ್ಳಂತೆ!"

ಮಾನ ಉಳಿಸಿಕೊಳ್ಳಲು ಗುಮಾಸ್ತ ಶಾಲಿನ ಒಂದು ಅಂಚನ್ನು ಹೊರಗೆಳೆದ. ಚೀಲದೊಳಗೆ ಊಟದ ಡಬ್ಬಿಯೂ ಇತ್ತು. ಡಬ್ಬಿಯ ಕೊಕ್ಕೆ ಒಂದು ಕುಣಿಕೆಯನ್ನು ಹಿಡಿದುಕೊಂಡಿತ್ತು. ಅದೇ ಹೊತ್ತಿಗೆ ಡ್ರೈವರು ಬ್ರೇಕ್ ಹಾಕಿದ. ಪಟ್ ಎಂದಿತು. ನೂಲು ಕಡಿದು, ಅದನ್ನು ನಂಬಿಕೊಂಡಿದ್ದ ಕುಣಿಕೆಗಳು ಒಂದರ ಹಿಂದೊಂದು ಜಾರತೊಡಗಿದವು, ಯಜಮಾನ ಓಡಿಹೋದ ಅಂಗಡಿಯ ಆಳುಗಳ ಹಾಗೆ.

"ತೂತು ಬಿತ್ತಲ್ಲಯ್ಯಾ," ಎಂದರು ಮೇಷ್ಟ್ರು. ಮತ್ತೆ ಕನ್ನಡಕ ಸರಿಪಡಿಸಿ, "ಅಲ್ಲಾ, ಮೈಯೆಲ್ಲಾ ತೂತೇ ಇದೆ. ಇದರಲ್ಲಿ ಈಗ ಬಿದ್ದದ್ದು ಯಾವುದು?" ಎಂದರು.

ಕಚೇರಿ ಮುಟ್ಟುವ ಹೊತ್ತಿಗೆ ತೂತು ಹೆಬ್ಬೆರಳು ತೂರುವಷ್ಟಾಗಿತ್ತು. ಗುಮಾಸ್ತ ಯಾರಿಗೂ ಹೇಳಬಾರದೆಂದುಕೊಂಡು ಟೈಪಿಸ್ಟಮ್ಮನಿಗೆ ಒಬ್ಬಳಿಗೇ ಹೇಳಿದ. ಅವನು ಕುರ್ಚಿಯಲ್ಲಿ ಕೂರುವುದರೊಳಗೆ ಹೆಡ್ ಕ್ಲರ್ಕೂ ಜವಾನನೂ ಮೇಜಿನ ಬಳಿ ನಿಂತಿದ್ದರು.

"ಇದಕ್ಕೆಲ್ಲಾ ಯಾಕ್ರೀ ಅಷ್ಟು ಯೋಚ್ನೆ?" ಎಂದ ಹೆಡ್ ಕ್ಲರ್ಕು ಸ್ಟೇಪ್ಲರ್ ಎತ್ತಿ ಚಟಕ್ ಚಟಕ್ ಎಂದು ಒತ್ತಿಯೇಬಿಟ್ಟರು. ಹರಿದದ್ದು ಏನೇ ಇರಲಿ, ಅವರ ಸರ್ವೀಸಿನಲ್ಲಿ ಮದ್ದು ಅದೊಂದೇ.

"ಅಯ್ಯೋ ಸಾರ್, ಪಿನ್ನು ಅಮ್ಮಾವ್ರ ಭುಜಕ್ಕೆ ಚುಚ್ಚಿದ್ರೆ?" ಎಂದಳು ಟೈಪಿಸ್ಟಮ್ಮ.

"ಅದೂ ಹೌದು. ಅಂಟು ತಗೊಂಡ್ಬಾರೋ."

ಜವಾನ ಅಂಟಿನ ಬಾಟಲಿ ತಂದು ಒಂದು ಹನಿ ಬಿಡಲು ಹೋದ. ವರ್ಷಗಟ್ಟಲೆ ಗಟ್ಟಿಯಾಗಿ ಕೂತಿದ್ದ ಅಂಟು ಇವತ್ತೇ ಉದಾರವಾಗಿ ಬಳಬಳ ಸುರಿಯಿತು. ಶಾಲಿನ ಗರಿಗಳು ಒಂದಕ್ಕೊಂದು ಅಂಟಿಕೊಂಡು ಜೋನಿಬೆಲ್ಲದಲ್ಲಿ ಬಿದ್ದ ನೊಣದ ರೆಕ್ಕೆಯಂತಾದವು.

"ತೊಳೆದ್ರೆ ಹೋಗುತ್ತೆ ಬಿಡಣ್ಣಾ," ಎಂದ ಜವಾನ.

"ನೀರು ಸೋಕಿಸಬಾರದು ಅಂದಿದ್ದಾಳೆ ಕಣೋ!"

"ಅಂಟು ಸೋಕಿಸಬಾರದು ಅಂತಾನೂ ಅಂದಿದ್ರಾ?"

ಗುಮಾಸ್ತ ಶಾಲು ಎತ್ತಿಕೊಂಡು ಹೊರಟ. ನಲ್ಲಿಯ ಕೆಳಗೆ ಅಂಟು ಹೋಯಿತು. ಜೊತೆಗೆ ಗರಿಗಳೂ ಹೋದವು. ಹಿಂಡಿ ಮೇಲೆತ್ತಿದಾಗ ಕೈಯಲ್ಲಿದ್ದದ್ದು ಮಳೆಗೆ ಸಿಕ್ಕ ಕೋಳಿಮರಿಯಂಥ ಒಂದು ಮುದ್ದೆ.

"ಎಳೆದು ಒಣಗಿಸ್ಬೇಕು ಅಂದಿದ್ರಲ್ವಾ ನಿಮ್ಮನೆಯವ್ರು? ಎಳೆಯೋಣ," ಎಂದಳು ಟೈಪಿಸ್ಟಮ್ಮ. ಫ್ಯಾನು ಜೋರು ಮಾಡಿ ನಾಲ್ವರೂ ಒಂದೊಂದು ಮೂಲೆ ಹಿಡಿದು ನಿಂತರು. ಹೆಡ್ ಕ್ಲರ್ಕು ದರ್ಜೆಗೆ ತಕ್ಕಂತೆ ಹೆಚ್ಚು ಎಳೆದರು. ಜವಾನ, ತಾನೇನು ಕಡಿಮೆ ಎಂದು ಅವರಿಗಿಂತ ಹೆಚ್ಚು ಎಳೆದ. ಶಾಲು ಬೆಳೆಯುತ್ತ ಹೋಯಿತು. ಗರಿಗಳು ನಿಜವಾಗಿಯೂ ಒಂದೊಂದಾಗಿ ಬಿಚ್ಚಿಕೊಂಡವು. ಗುಮಾಸ್ತನ ಮುಖವೂ ಬಿಚ್ಚಿಕೊಳ್ಳುತ್ತಿತ್ತು. ಆಗ ಬಾಗಿಲು ತೆರೆಯಿತು.

"ಏನ್ರೀ ಇದು?" ಎಂದರು ಸಾಹೇಬರು.

ಉಡುಗೊರೆಯನ್ನು ಮೊದಲೇ ತೋರಿಸುವ ಹಾಗಿಲ್ಲ, ಈ ಅವಸ್ಥೆಯಲ್ಲಂತೂ ಇಲ್ಲವೇ ಇಲ್ಲ. ಹೆಡ್ ಕ್ಲರ್ಕರ ಬಾಯಿಗೆ ಮೊದಲು ಬಂದದ್ದು ಹೊರಬಿತ್ತು: "ಸೊಳ್ಳೆ ಪರದೆ, ಸಾರ್."

"ಆಫೀಸಲ್ಲಿ ಸೊಳ್ಳೆ ಪರದೆ ಯಾಕೆ? ಮಲಗೋದ್ಯಾರು?"

ಉಳಿದ ಮೂವರೂ ಗುಮಾಸ್ತನ ಕಡೆ ನೋಡಿದರು.

"ನೀನಾ?" ಸಾಹೇಬರು ಶಾಂತವಾಗಿ ಹೇಳಿದರು. "ಗುಡ್ಡದ ಶಾಖೇಲಿ ಸೊಳ್ಳೆ ಇಲ್ಲ ಕಣಯ್ಯಾ. ಪರದೆ ಇಲ್ದೇನೇ ಮಲಗಬಹುದು. ಸಹಿ ಇನ್ನೂ ಹಾಕಿಲ್ಲ. ಸಂಜೆ ಮನೆಗೆ ಬರ್ತೀಯಂತಲ್ಲ, ನೋಡೋಣ."

ಸಾಹೇಬರು ಬೆನ್ನು ತಿರುಗಿಸಿದಾಗ ನಾಲ್ವರೂ ಅಭ್ಯಾಸಬಲದಿಂದ ಕೈ ಮುಗಿದರು. ನಾಲ್ಕು ಮೂಲೆಗಳೂ ಬಿಟ್ಟುಹೋದವು. ಕೆಳಗೆ ಬಿದ್ದ ಶಾಲಿನ ಸ್ಟೇಪ್ಲರ್ ಪಿನ್ನು ಹೆಡ್ ಕ್ಲರ್ಕರ ಪ್ಯಾಂಟಿನ ಅಂಚಿಗೆ ಸಿಕ್ಕಿ, ಅವರು ಸಾಹೇಬರ ಹಿಂದೆ ಓಡಿದಷ್ಟು ದೂರವೂ ಅವರ ಜೊತೆಗೇ ಹೋಯಿತು. ಬಿಡಿಸಿ ನೋಡಿದರೆ, ಹೆಬ್ಬೆರಳ ತೂತು ಅಂಗೈ ತೂತಾಗಿತ್ತು.

"ಸೂಜಿ ತಾತನ ಹತ್ರ ಹೋಗ್ರೀ," ಎಂದಳು ಟೈಪಿಸ್ಟಮ್ಮ. "ಇನ್ನು ಯಾರ ಕೈಲೂ ಆಗಲ್ಲ."

ಸೂಜಿ ತಾತ ಹಿಂದಿನ ಬೀದಿಯಲ್ಲಿ ಒಂದು ಮೆಟ್ಟಿಲ ಕೆಳಗೆ ಕೂತು ರಫೂ ಮಾಡುತ್ತಿದ್ದ. ಕೋಟಿನ ಮೇಲೆ ಕಿಡಿ ಬಿದ್ದ ತೂತಿರಲಿ, ಇಲಿ ಕಚ್ಚಿದ್ದಿರಲಿ, ಎಳೆಗೆ ಎಳೆ ಕೂಡಿಸಿ ಮುಚ್ಚಿದನೆಂದರೆ ಕೋಟು ಹೊಲಿದವನಿಗೂ ಜಾಗ ಸಿಗುತ್ತಿರಲಿಲ್ಲ. ಹೆಣೆದ ಶಾಲು ಅವನ ಕೈಗೆ ಈವರೆಗೆ ಬಂದಿರಲಿಲ್ಲ. ಗುಮಾಸ್ತ ಓಡಿ ಬಂದ ಏದುಸಿರಿನಲ್ಲಿ ಶಾಲನ್ನು ಅವನ ಮಡಿಲಿಗೆ ಹಾಕಿದ.

"ತಾತಾ, ತೂತು ಬಿದ್ದಿದೆ. ಮುಚ್ಚಿಬಿಡಿ. ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗಬಾರದು. ಸಾಹೇಬ್ರ ಮನೆಗೆ ಹೋಗೋದು. ಸಂಜೆಗೇ ಬೇಕು."

ತಾತ ಶಾಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?"

"ಪೆಟ್ಟಿಗೇಲಿ."

"ಹ್ಞೂಂ," ಎಂದು ತಾತ ನಿಟ್ಟುಸಿರು ಬಿಟ್ಟ. "ಅದಕ್ಕೇ. ಆಯ್ತು, ಹೋಗಿ ಬನ್ನಿ. ನನ್ನ ಮರ್ಯಾದೆ ಪ್ರಶ್ನೆ ಇದು."

ಸಂಜೆ ಹೋದಾಗ ಶಾಲು ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಸಿದ್ಧವಾಗಿತ್ತು. ತಾತನ ಕಣ್ಣು ಕೆಂಪಾಗಿತ್ತು. "ನನ್ನೊಬ್ಬನ ಕೈಲಿ ಆಗ್ತಿರಲಿಲ್ಲ ಸ್ವಾಮೀ. ಸೊಸೇರು, ಮಗಳು, ಅಳಿಯ, ಎಲ್ರೂ ಒಂದೊಂದು ಸೂಜಿ ಹಿಡ್ಕೊಂಡು ಕೂತ್ವಿ. ಹಳೇ ಸ್ವೆಟರು ಬಿಚ್ಚಿ ನೂಲು ಹೊಂದಿಸಿದ್ದೀನಿ. ಒಂದನ್ನೂ ಬಿಟ್ಟಿಲ್ಲ."

ಮೇಲಿನವರ ಹೆಗಲಿಗೆ ಹೋಗುವ ಬಟ್ಟೆಗಾಗಿ ಕೆಳಗಿನ ಒಂದು ಮನೆ ಪೂರ್ತಿ ಕೂತು ಕಣ್ಣು ಸವೆಸುವುದು ಹೊಸದೇನಲ್ಲ. ಗುಮಾಸ್ತನೂ ಅದನ್ನು ಹೊಸದೆಂದು ತಿಳಿಯಲಿಲ್ಲ. ಒಂದು ತೂತಿಗೆ ಇಷ್ಟು ಜನವೇ ಎಂದು ಒಂದು ಕ್ಷಣ ಅನಿಸಿತು. ವಯಸ್ಸಾದವರು ಸ್ವಲ್ಪ ಸೇರಿಸಿ ಹೇಳುತ್ತಾರೆ ಎಂದುಕೊಂಡ. ಪೊಟ್ಟಣ ಬೆಳಗಿಗಿಂತ ಭಾರವೆನಿಸಿತು. ಬಿಚ್ಚಿ ನೋಡೋಣವೆಂದು ದಾರಕ್ಕೆ ಕೈ ಹಾಕಿದ. ಬೆಳಿಗ್ಗೆ ಬಿಚ್ಚಿದ್ದರ ಫಲ ನೆನಪಾಗಿ ಕೈ ಹಿಂದಕ್ಕೆ ಬಂತು. ಆ ದಿನ ಅವನು ಹೆಂಡತಿಯ ಮಾತು ಕೇಳಿದ್ದು ಅದೊಂದೇ ಸಲ.

ಸಾಹೇಬರ ಮನೆಯ ಹಾಲಿನಲ್ಲಿ ನೆಂಟರು ಸೋಫಾ ತುಂಬ ಕೂತಿದ್ದರು. ಅಮ್ಮಾವ್ರು ಎಲ್ಲರೆದುರಿಗೆ ದಾರ ಕತ್ತರಿಸಿ ಶಾಲು ಬಿಡಿಸಿದರು. ಗುಮಾಸ್ತ ತೂತಿದ್ದ ಜಾಗವನ್ನೇ ಹುಡುಕಿದ.

ತೂತಿರಲಿಲ್ಲ. ಬಸ್ಸಿನಲ್ಲಿ ಬಿದ್ದ ತೂತು ಮಾತ್ರವಲ್ಲ, ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ಎಣಿಸಿ ಬಿಟ್ಟ ತೂತುಗಳಲ್ಲಿ ಒಂದೂ ಇರಲಿಲ್ಲ. ಹುಳ ತಿಂದ ಶಾಲೆಂದು ಬಗೆದ ಸೂಜಿ ತಾತ, ಕಂಡ ಕಂಡ ತೂತನ್ನೆಲ್ಲ ಎಳೆಗೆ ಎಳೆ ಕೂಡಿಸಿ ಮುಚ್ಚಿದ್ದ. ಹಕ್ಕಿಯ ಗರಿಯಿದ್ದಲ್ಲಿ ಈಗ ಗೋಣಿಯಷ್ಟು ದಪ್ಪದ ಒಂದು ಕಂಬಳಿ. ಅದರ ಮೇಲೆ ಉತ್ತ ಹೊಲದ ಸಾಲಿನ ಹಾಗೆ ಅಲ್ಲಲ್ಲಿ ಉಬ್ಬು.

ಅಮ್ಮಾವ್ರು ಅದನ್ನು ಹೊದ್ದರು. ಮುಂದೆ ಎಳೆದರು. ಹಿಂದೆ ಮುಟ್ಟಿ ನೋಡಿದರು.

"ಅಬ್ಬಾ, ಎಷ್ಟು ಬೆಚ್ಚಗಿದೆ ರೀ!" ಎಂದರು. "ಅವತ್ತು ದೂರದಿಂದ ನೋಡಿದಾಗ ಏನೋ ತೂತು ತೂತಾಗಿ ಕಾಣ್ತಿತ್ತು. ಹೇಳೋಣ ಅಂದ್ಕೊಂಡೆ, ಪಾಪ ಬೇಜಾರು ಮಾಡ್ಕೋತಾರೆ ಅಂತ ಸುಮ್ಮನಾದೆ. ಹೀಗೇ ಇನ್ನೊಂದು ನಾಲ್ಕು ಬೇಕು, ನಮ್ಮ ಅಕ್ಕತಂಗೀರಿಗೆ. ಇದರ ಹಾಗೇ ಇರ್ಬೇಕು. ಒಂದೇ ಒಂದು ತೂತು ಇರಬಾರದು."

ಗುಮಾಸ್ತನಿಗೆ ಹೋದ ಜೀವ ಬಂತು. ಬಂದದ್ದು ಸ್ವಲ್ಪ ಹೆಚ್ಚಾಗಿಯೇ ಬಂತು.

"ಉಣ್ಣೆ ಒಳ್ಳೇದು ಅನ್ಸುತ್ತೆ," ಎಂದರು ಸಾಹೇಬರು, ಅಂಚು ಮುಟ್ಟಿ. ಅವರ ಕೈ ಗುಮಾಸ್ತನ ಬೆನ್ನ ಮೇಲೆ ಬಿತ್ತು. "ಎಲ್ಲಿಂದ ತರಿಸ್ತೀಯ?"

ಸಂತೆಯಿಂದ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಕೈ ಬೆನ್ನ ಮೇಲೆ ಬಿದ್ದದ್ದು ಅವನ ಸರ್ವೀಸಿನಲ್ಲೇ ಮೊದಲ ಸಲ.

"ಅಂಥಿಂಥ ಉಣ್ಣೆ ಅಲ್ಲ ಸಾರ್! ಗುಡ್ಡದ ಕಡೇದು. ನಮ್ಮ ಭಾವಮೈದ ಬಸ್ ಡ್ರೈವರು, ಅವನೇ ಅಲ್ಲಿಂದ ತರ್ತಾನೆ. ಆ ಚಳೀಲಿ ಬೆಳೆದ ಕುರಿ ಉಣ್ಣೆಗೆ ಸಮ ಇಲ್ಲ ಸಾರ್. ಅಲ್ಲೇ ನಿಂತು ಆರಿಸಿ ತಗೋಬೇಕು."

"ಗುಡ್ಡದ ಕಡೆ," ಎಂದರು ಸಾಹೇಬರು. "ನಿನ್ನ ವರ್ಗಾವಣೆ ಹರಿದು ಹಾಕೋಣ ಅಂತಿದ್ದೆ ನೋಡು. ಒಳ್ಳೇ ಟೈಮಿಗೆ ಹೇಳ್ದೆ. ಅಲ್ಲೇ ನಿಂತು ಆರಿಸೋ ಜನ ಬೇಕಲ್ಲ. ಲೇ, ಆ ಪೆನ್ನು ಕೊಡೇ."

ಪೆನ್ನು ಕೊಟ್ಟವರು ಅಮ್ಮಾವ್ರು, ಶಾಲು ಹೊದ್ದ ಕೈಯಿಂದಲೇ.

ಗುಮಾಸ್ತ ಮನೆಗೆ ಬಂದಾಗ ಹೆಂಡತಿ ತಕಲಿ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಮಗಳು ಎರಡು ಕಡ್ಡಿ ಹಿಡಿದು, ನಾಲಗೆ ಹೊರಗೆ ಹಾಕಿ, ತನ್ನ ಜೀವನದ ಮೊದಲ ಸಾಲು ಹೆಣೆಯುತ್ತಿದ್ದಳು. ಅವನು ಕೊಕ್ಕೆಯಿಂದ ಪೆನ್ನಿನವರೆಗೆ ಎಲ್ಲ ಹೇಳಿದ. ತಕಲಿ ನಿಲ್ಲಲಿಲ್ಲ.

"ಎಲ್ಲಾ ತೂತೂ ಮುಚ್ಚಿದ್ನಾ ತಾತ?"

"ಎಲ್ಲಾನೂ. ನಿನ್ನ ಅಷ್ಟು ದಿನದ ಕಷ್ಟ ಮಣ್ಣುಪಾಲಾಯ್ತು ಕಣೆ."

ಅವಳು ಎದ್ದು ಒಳಗೆ ಹೋದಳು. ಅಳುತ್ತಿರಬೇಕೆಂದು ಅವನು ಹಿಂದೆಯೇ ಹೋದ. ಅವಳು ಪೆಟ್ಟಿಗೆಯ ಮುಂದೆ ನಿಂತು ಶಾಲು ಹೊದ್ದುಕೊಳ್ಳುತ್ತಿದ್ದಳು. ದೀಪದ ಬೆಳಕು ತೂತು ತೂತಿನಲ್ಲಿ ತೂರಿ ಗೋಡೆಯ ಮೇಲೆ ಗರಿಗಳ ನೆರಳು ಬಿದ್ದಿತ್ತು. ಒಂದೂ ಸೊಟ್ಟಗಿರಲಿಲ್ಲ.

"ಇದು... ಇದು ಯಾವುದೇ?"

"ಕೂಟಕ್ಕೆ ಹೊದ್ದು ಬಂದಿದ್ದು. ನೀವು ತಗೊಂಡು ಹೋಗಿದ್ದು, ಕೈ ಕೂರಲಿ ಅಂತ ಮೊದಲು ಹೆಣೆದು, ಲೆಕ್ಕ ತಪ್ಪಿ ಮೂಲೆಗೆ ಹಾಕಿದ್ದು. ಯಾರೋ ಚೆನ್ನಾಗಿದೆ ಅಂದ್ರೆ ನಮ್ಮದನ್ನ ಬಿಚ್ಚಿ ಕೊಟ್ಬಿಡೋಕೆ ನಾನೇನು ನಿಮ್ಮ ಆಫೀಸಲ್ಲಿದ್ದೀನಾ?"

"ಮತ್ತೆ ಆ ನಾಲ್ಕು ಶಾಲು?"

"ತೂತಿಲ್ಲದ್ದು ತಾನೇ? ಮಗಳು ಇವತ್ತು ಕಲಿಯೋಕೆ ಶುರು ಮಾಡಿದ್ದಾಳೆ. ಅವಳೇ ಹೆಣೀತಾಳೆ. ನೀವು ಗುಡ್ಡದಿಂದ ಉಣ್ಣೆ ಆರಿಸಿ ಕಳ್ಸಿ. ಒಳ್ಳೇದು ನನಗೆ, ಸಿಕ್ಕು ಸಿಕ್ಕಾಗಿರೋದು ಅವರಿಗೆ."

ಗುಡ್ಡವೆಂದ ಮಾತಿಗೇ ಗುಮಾಸ್ತ ಮನೆ ನಡುಗುವ ಹಾಗೆ ಸೀನಿದ. ಮೂಗು ಒರೆಸಿಕೊಳ್ಳಲು ಅವನ ಕೈ ತಾನಾಗಿಯೇ ಹತ್ತಿರದಲ್ಲಿದ್ದ ಶಾಲಿನ ಅಂಚಿನ ಕಡೆ ಹೋಯಿತು.

"ಕೈ ತೆಗೀರಿ," ಎಂದಳು ಹೆಂಡತಿ. "ತೂತು ಬೀಳುತ್ತೆ."