ಎಮ್ಮಿಗೂ ಇನ್ಸುರನ್ಸ ಅದ, ನನ್ನ ದೋಣಿಗಿಲ್ಲ

ನಮ್ಮ ಮನ್ಯಾಗ ಎಮ್ಮಿಗಿ ಇನ್ಸುರನ್ಸ ಅದರಿ. ಕಿವಿಗಿ ಹಳದಿ ಬಿಲ್ಲಿ ಹೊಡದಾರ. ಹೆಂಡತಿಗಿ ಅದ, ಬ್ಯಾಂಕಿನವರು ಮಾಡ್ಯಾರ. ನನಗೂ ಅದ ಅಂತಾರ, ಸತ್ತ ಮ್ಯಾಲ ಗೊತ್ತಾಗ್ತದ. ಇಡೀ ಮನ್ಯಾಗ ದಿನಾ ದುಡಿಯೋದು ನನ್ನ ದೋಣಿ. ಅದಕ್ಕೊಂದಕ್ಕ ಯಾರೂ ಕೊಡವಲ್ರು. ಅದಕ್ಕ ಕಿವಿ ಇಲ್ಲ ನೋಡ್ರಿ, ಬಿಲ್ಲಿ ಎಲ್ಲಿ ಹೊಡೀಬೇಕು.

ನಾ ಚಂದ್ರಾಮಪ್ಪ. ಅಫಜಲಪುರ ತಾಲೂಕಿನಾಗ ಭೀಮಾ ಹೊಳಿ ದಂಡಿಗಿ ನಮ್ಮೂರು. ಆ ದಂಡಿ ಜೇವರ್ಗಿ ತಾಲೂಕು. ಅಲ್ಲಿ ಹೊಳಿಗಿ ಹತ್ತಿ ಒಂದು ಸಣ್ಣ ಊರದ. ಅವರಿಗಿ ಸಂತಿ, ದವಾಖಾನಿ, ಹಿಟ್ಟಿನ ಗಿರಣಿ ಎಲ್ಲಾ ನಮ್ಮ ಕಡಿ. ನಮ್ಮಜ್ಜ ಅವರನ್ನ ದಾಟಿಸಿದ, ನಮ್ಮಪ್ಪ ದಾಟಿಸಿದ, ಈಗ ನಾ ದಾಟಸ್ತೇನಿ. ಕೈಯಾಗ ರೊಕ್ಕ ತಗೊಳ್ಳಂಗಿಲ್ಲ. ರಾಶಿ ಆದ ಮ್ಯಾಲ ಮನಿಗಿ ಇಷ್ಟು ಅಂತ ಜ್ವಾಳ ಕೊಡ್ತಾರ. ಅದಕ್ಕ ಆಯ ಅಂತೇವಿ. ಅದರಾಗೇ ನಮ್ಮ ವರ್ಷದ ರೊಟ್ಟಿ.

ನನಗ ಮಾತು ಕಮ್ಮಿ. ಜಾಸ್ತಿ ಇದ್ರೂ ಉಪಯೋಗ ಇದ್ದಿದ್ದಿಲ್ಲ. ಸುಭದ್ರಾಬಾಯಿ (ನನ್ನ ಹೆಂಡತಿ) ಇಬ್ಬರದೂ ಸೇರಿಸಿ ಅಕಿನೇ ಮಾತಾಡ್ತಾಳ.

ಹೋದ ಚಳಿಗಾಲದಾಗ ಎಲ್ಲೋ ದೂರದ ಹೊಳ್ಯಾಗ ಒಂದು ದೋಣಿ ಮುಳುಗಿತಂತ. ಹಿಂದಿಂದನೇ ತಾಲೂಕಿನ ಸಾಹೇಬ್ರು ಹೇಳಿ ಕಳಿಸಿದ್ರು: ಇನ್ಸುರನ್ಸ ಮಾಡಿಸು, ಇಲ್ಲಂದ್ರ ದೋಣಿ ನೀರಿಗಿ ಇಳಿಸಬ್ಯಾಡ. ಅವರು ಹೇಳಿದ್ದು ತಪ್ಪಲ್ಲ. ಮಂದಿ ಜೀವದ ಮಾತು. ನಾ ಹೂಂ ಅಂದೆ.

ನಮ್ಮೂರ ಲಾಡ್ಲೆಸಾಬನ ಮಗ ಫಯಾಜ ಅಫಜಲಪುರದಾಗ ಇನ್ಸುರನ್ಸ ಏಜೆಂಟ ಅದಾನ. ಗಾಡಿ, ಟ್ರ್ಯಾಕ್ಟರ ಎಲ್ಲಾ ಮಾಡ್ತಾನ. ನಮ್ಮ ಎಮ್ಮಿಗಿ ಬಿಲ್ಲಿ ಹೊಡಿಸಿದವನೂ ಅವನೇ. ಕರದ್ವಿ, ಬಂದ, ಕಟ್ಟಿ ಮ್ಯಾಲ ಕುಂತ.

"ಕಾಕಾ, ದೋಣಿ ಯಾವ ಸಾಲಿಂದು?"

"ನಮ್ಮಜ್ಜನ ಸಾಲಿಂದು."

"ಅಜ್ಜ ಯಾವ ಸಾಲಿನವ?"

ನಾ ಸುಭದ್ರಾನ ಮಾರಿ ನೋಡಿದೆ.

"ನಿಜಾಮನ ಕಾಲದ್ದು ಅಂತ ಬರಿಯಪಾ" ಅಂದ್ಳು, ಹೆಮ್ಮಿಲೆ.

"ಕಾಕಿ, ಹದಿನೈದು ವರ್ಷ ದಾಟಿದ್ರ ಅವರು ಮಾರಿ ತಿರುವ್ತಾರ. ನಿಜಾಮ ಅಂದ್ರ ಫೋನೇ ಇಟ್ಟ ಬಿಡ್ತಾರ."

"ಒಂದು ಹಲಗಿನೂ ಹಳೇದಿಲ್ಲ" ಅಂದೆ ನಾ. ಖರೇನೇ ಅದು. ವರ್ಷಾ ಎರಡು ಹಲಗಿ ಬದಲಿ ಮಾಡ್ತೇನಿ. ತಳದ ಮರ ನಮ್ಮಪ್ಪ ಬದಲಿ ಮಾಡ್ಯಾನ. ಮೊಳಿ, ಹುಟ್ಟು, ಎಲ್ಲಾ ನನ್ನ ಕೈ ಮ್ಯಾಲಿಂದವು.

ಫಯಾಜ ಖುಷಿ ಆದ. "ಹಂಗಾದ್ರ ಅಜ್ಜಂದು ಏನ ಉಳದದ ಅದರಾಗ?"

ನಾ ತಳದಿಂದ ಮ್ಯಾಲ ತನಕ ಒಂದೊಂದೇ ನೆನಸಿ ನೋಡಿದೆ.

"ದೋಣಿ" ಅಂದೆ.

ಅಂವ ಕರವಸ್ತ್ರ ತಗದು ಹಣಿ ಒರಸ್ಕೊಂಡ.

ಆಮ್ಯಾಲ ಅಲ್ಲೇ ಕುಂತು ಫೋನ ಹಚ್ಚಿದ. ಒಬ್ಬರು ಎಂಜಿನ್ ನಂಬರ ಕೇಳಿದ್ರು. ಎಂಜಿನ್ ನಾನೇ, ನನಗ ನಂಬರ ಹಾಕಿಲ್ಲ. ಇನ್ನೊಬ್ಬರು ಹಳೇದಂದ ಕೂಡ್ಲೆ ನಗಾಕತ್ರು. ಮತ್ತೊಬ್ಬರು ಮಾಡ್ತೇವಿ ಅಂದ್ರು, ಆದ್ರ ಅವರು ವರ್ಷಕ್ಕ ಕಟ್ಟು ಅಂದ ಹಣದಾಗ ಇಂಥಾದೇ ಇನ್ನೊಂದು ದೋಣಿ ಬರ್ತಿತ್ತು.

"ಹಂಗಾದ್ರ ವರ್ಷಾ ಒಂದು ಹೊಸಾ ದೋಣಿ ತಂದು ಮುಳುಗಿಸೋದು ಸಸ್ತಾ ಬೀಳ್ತದ" ಅಂದ್ಳು ಸುಭದ್ರಾ.

ಕಡೀಕ ಕಲಬುರಗಿ ಕಡಿಂದ ಒಬ್ಬ ಕಂಪನಿ ಸಾಹೇಬ್ರು ಒಪ್ಪಿದ್ರು. ಬಂದು ಕಣ್ಣಿಲೆ ನೋಡ್ತೇನಿ, ಗಟ್ಟಿ ಇದ್ರ ಕಮ್ಮಿಯೊಳಗ ಮಾಡಿ ಕೊಡ್ತೇನಿ ಅಂದ್ರು.

"ತಳ ನೋಡ್ತಾರಂತ ಕಾಕಾ. ದಂಡಿಗಿ ಎತ್ತಿ ಬೋರಲ ಹಾಕ್ರಿ. ಮ್ಯಾಲ ಚಂದನ ಬಣ್ಣ ಹೊಡೀರಿ. ನೋಡಿದ ಕೂಡ್ಲೆ ಹೊಸಾದು ಅನ್ನಿಸಬೇಕು."

ನಮ್ಮ ದೋಣಿ ಹುಟ್ಟಿದಾಗಿಂದ ಡಾಂಬರದ ಕಪ್ಪು. ಫಯಾಜ ತಾನೇ ಆಕಾಶದ ಬಣ್ಣ ತಂದು ಕೊಟ್ಟ. ಎತ್ತು ಕಟ್ಟಿ ದೋಣಿ ಎಳಿಸಿ, ಜಾಲಿ ಗಿಡದ ಹಿಂದ ಬೋರಲ ಹಾಕಿ, ಎರಡ ಕೈ ಹೊಡದೆ. ಸುಭದ್ರಾ ನೋಡಿ, "ಮದಿವಿಗಿ ನಿಂತಂಗ ಕಾಣ್ತದ" ಅಂದ್ಳು.

ಸೋಮವಾರ ಬರ್ತೇನಿ ಅಂದ ಸಾಹೇಬ್ರು ಬರಲಿಲ್ಲ. ಶಿವರಾತ್ರಿ ಆಗಲಿ ಅಂದ್ರು. ಆಮ್ಯಾಲ ಮಾರ್ಚ ಮುಗೀಲಿ ಅಂದ್ರು. ನಮ್ಮ ಕಡಿ ಬಿಸಲು ನಿಮಗ ಗೊತ್ತದ, ಕಲ್ಲು ಬಾಯಿ ಬಿಡ್ತದ. ಕಟಗಿ ದೋಣಿ ನೀರಾಗೇ ಇರಬೇಕ್ರಿ. ನೀರು ಕುಡುದು ಹಲಗಿ ಉಬ್ಬಿರ್ತಾವ, ಒಂದಕ್ಕೊಂದು ಗಟ್ಟಿ ಕೂಡಿರ್ತಾವ. ಒಣಗಿದ್ರ ಸಂದಿ ಬಿಡ್ತಾವ. ನಾ ದಿನಾ ಕೊಡಾ ತುಂಬಿ ನೀರು ಹೊಯ್ದೆ. ಗೋಣಿ ತಟ್ಟು ಹೊಚ್ಚಿದೆ. ತಟ್ಟು ಸಾಲಲಿಲ್ಲ. ಮನಿಗಿ ಹೋದೆ.

ಆ ದಂಡಿಯವರು ನೀರಿಗಿ ಬಂದಾಗ ನಿಂತು ಕೂಗ್ತಿದ್ರು, ಯಾವಾಗ ಇಳಸ್ತಿ ಅಂತ. ತಡೀರಿ ಅಂತ ನಾ ಕೈ ಮಾಡ್ತಿದ್ದೆ.

ಒಂದು ದಿನ ಸುಭದ್ರಾ ಹೊಳಿ ತನಕ ಬಂದ್ಳು.

"ನನ್ನ ಕೌದಿ ಎಲ್ಲದ?"

"ದೋಣಿ ಮ್ಯಾಲ."

"ಯಾಕ?"

"ಬಿಸಲದ."

ಅಕಿ ಸೊಂಟದ ಮ್ಯಾಲ ಕೈ ಇಟ್ಟಳು. "ಹೋದ ವರ್ಷ ಜ್ವರ ಬಂದು ಮಲಗಿದ್ದೆ. ಹಣಿ ಮ್ಯಾಲ ಒಂದು ಒದ್ದಿ ಅರಬಿ ಹಾಕ್ರಿ ಅಂದ್ರ, ಆ ದಂಡ್ಯಾಗ ಮಂದಿ ಕಾಯ್ತಾರ ಅಂತ ಓಡಿ ಬಂದ್ರಿ. ಇದಕ್ಕ ದಿನಾ ಜಳಕ, ಮ್ಯಾಲ ನಾ ಹೊಲಿದ ಕೌದಿ. ಸವತಿ ತಂದಿದ್ರ ಅಕಿ ಸಂಗಾಟ ಜಗಳರೆ ಆಡ್ತಿದ್ದೆ. ಇದರ ಸಂಗಾಟ ಏನ ಆಡ್ಲಿ?"

ಕೌದಿ ಎಳಕೊಂಡು ಹೋಗ್ತಾಳ ಅಂದ್ಕೊಂಡೆ. ಅಕಿ ಬೈಕೋತನೇ ಕೌದಿ ಸರಿ ಮಾಡಿ ಹೊಚ್ಚಿ, ಇನ್ನೊಂದು ಕೊಡಾ ತಗೊಂಡು ಆ ಕಡಿ ನೀರು ಹಾಕಾಕತ್ತಳು. ಮರದಿನಾನೂ ಬಂದ್ಳು. ಆಮ್ಯಾಲೂ ಬಂದ್ಳು. ಬೈಯೋದೊಂದು ಬಿಡಲಿಲ್ಲ.

ಸಾಹೇಬ್ರು ಬಂದ ದಿನ ಫಯಾಜ ಮುಂಚೇನೇ ಬಂದು ತಟ್ಟು, ಕೌದಿ ಎಲ್ಲಾ ತಗಸಿದ. "ಇದೇನ ಕಾಕಾ, ದವಾಖಾನ್ಯಾಗ ಮಲಗಿಸಿದಂಗ ಅದ." ಸಾಹೇಬ್ರು ಛಲೋ ಮನಷ್ಯಾ. ನೆಲದ ಮ್ಯಾಲೇ ಕುಂತು ಚಾ ಕುಡದ್ರು. ದೋಣಿ ಸುತ್ತ ತಿರುಗಿ, ಕೈಲೆ ಬಡದು, "ಚೆನ್ನಾಗಿದೆಯಲ್ಲಪ್ಪ" ಅಂದ್ರು. ಫಯಾಜ ನನ್ನ ಕಡಿ ನೋಡಿ ಕಣ್ಣು ಮಿಟಿಕಿಸಿದ. ಸಾಹೇಬ್ರು ಮೊಣಕಾಲ ಊರಿ, ಬೋರಲ ದೋಣಿ ಒಳಗ ತಲಿ ಹಾಕಿದ್ರು. ಹಾಕಿದವರು ಲಗೂ ಹೊರಗ ತಗೀಲಿಲ್ಲ.

"ಏನಪ್ಪ ಇದು, ಒಳಗೆಲ್ಲಾ ಬಿಸಿಲು ಬೀಳ್ತಾ ಇದೆ?"

"ಒಣಗ್ಯಾದರಿ. ನೀರಾಗ ಇಟ್ರ ಕೂಡ್ತದ."

"ನೀರಿಗೆ ಹಾಕಿದ ತಕ್ಷಣ ತೇಲುತ್ತಾ?"

"ಇಲ್ರಿ. ಮೊದಲ ಮುಳುಗ್ತದ."

ಹಿಂದಿಂದ ಫಯಾಜ ನನ್ನ ಅಂಗಿ ಜಗ್ಗಿದ.

"ಮುಳುಗುತ್ತಾ?"

"ಹೌದ್ರಿ. ಮುಳುಗಿದ ಮ್ಯಾಲ ತೇಲ್ತದ."

ಸಾಹೇಬ್ರು ಎದ್ದು ಮೊಣಕಾಲಿನ ಮಣ್ಣು ಝಾಡಸ್ಕೊಂಡ್ರು. ಸಿಟ್ಟಾಗಲಿಲ್ಲ. ನನ್ನ ಭುಜದ ಮ್ಯಾಲ ಕೈ ಇಟ್ಟು, "ಯಜಮಾನ್ರೇ, ದೋಣಿ ಮುಳುಗೋದಿಲ್ಲ ಅಂತ ನಂಬಿ ನಾವು ವಿಮೆ ಮಾಡ್ತೀವಿ. ನೀವು ಮುಳುಗುತ್ತೆ ಅಂತ ಮೊದಲೇ ಹೇಳ್ತೀರಲ್ಲ" ಅಂದ್ರು. ಹೋದ್ರು.

"ಕಾಕಾ, ಒಂದು ಸಲ ಸುಳ್ಳು ಹೇಳಿದ್ರ ಏನ ಆಗ್ತಿತ್ತು?"

"ಅವರು ಕೇಳಿದ್ರಲ್ಲೋ" ಅಂದೆ.

ಅವತ್ತು ಸುಭದ್ರಾ ನನಗ ಬೈಲಿಲ್ಲ. ಉಣ್ಣಾಕ ನೀಡಿ ಗ್ವಾಡಿ ಕಡಿ ಮಾರಿ ಮಾಡಿ ಕುಂತ್ಳು. ಅಷ್ಟು ವರ್ಷದ ಸಂಸಾರದಾಗ ಅಂಥಾ ಸಪ್ಪನ್ನ ರೊಟ್ಟಿ ನಾ ತಿಂದಿಲ್ಲ.

ಫಯಾಜನ ಮನಸು ತಡೀಲಿಲ್ಲ. ತಾಲೂಕಿನ ಸಾಹೇಬ್ರ ಕಡಿ ಹೋಗಿ ಕೈ ಮುಗುದು ಬಂದ. ಅವರು ಒಂದು ಮಾತು ಹೇಳ್ಯಾರಂತ. ಆ ದಂಡಿ ಮಂದಿನೇ ಬಂದು, ನಮಗ ಚಂದ್ರಾಮಪ್ಪನ ದೋಣಿ ಮ್ಯಾಲ ನಂಬಿಕಿ ಅದ, ನಾವು ಅದರಾಗೇ ದಾಟ್ತೇವಿ ಅಂದ್ರ, ಮಳಿಗಾಲ ಬರೋತನಕ ತಡಿಯೋದಿಲ್ಲ. ಅಷ್ಟರಾಗ ಮತ್ತೊಂದು ಕಂಪನಿ ಹುಡಕ್ರಿ.

ನನಗ ಜೀವ ಬಂತು. ಅವರಿಗಲ್ದ ಮತ್ತ ಯಾರಿಗಿ ನಂಬಿಕಿ ಇರ್ತದರಿ. ಅವರ ಹೆಣ್ಣಮಕ್ಕಳು ಬಾಣಂತನಕ ಬಂದದ್ದು ಅದರಾಗೇ. ದೋಣಿ ಒಂದು ನೀರಿಗಿ ಇಳಿದ್ರ ಸಾಕು ಅಂದ್ಕೊಂಡೆ.

ಹಿಂಗ ಒಣಗಿದ ದೋಣಿ ಸುಧಾರಿಸಬೇಕಂದ್ರ ಕಲ್ಲು ತುಂಬಿ ದಂಡಿಗಿ ಮುಳುಗಿಸಿ ಇಡಬೇಕು. ಹೊಸಾ ದೋಣಿ ಕಟ್ಟಿದಾಗ ಹಂಗ ಮಾಡ್ತಿದ್ರಂತ. ನೋಡಿದ ಮಂದಿ ಈಗ ಯಾರೂ ಉಳಿದಿಲ್ಲ. ನಸಕಿನ್ಯಾಗ ಇಳಿಸಿದೆ, ಎದಿಮಟ ನೀರಾಗ ನಿಂತು ಕಲ್ಲು ಹೇರಿದೆ. ಬುಳಬುಳ ಅಂತ ಕೆಳಗ ಹೋತು. ಹೊಳಿಗಿ ಕೈ ಮುಗದೆ. ನೀರಿನಾಗ ಕೈ ಮುಗಕೊಂಡು ನಿಂತ ನಾನು, ಮುಳುಗಾಕತ್ತಿದ ದೋಣಿ. ಆ ದಂಡ್ಯಾಗ ಎಮ್ಮಿ ಮೈ ತೊಳಿಯೋರು ಆ ಮಬ್ಬ ಬೆಳಕಿನಾಗ ಇದನ್ನ ನೋಡ್ಯಾರ.

ಮಧ್ಯಾಹ್ನಕ್ಕ ಮನಿ ಮುಂದ ಒಂದು ಟೆಂಪೊ ನಿಂತಿತು. ಆ ಊರವರು ಪಟ್ಟಿ ಹಾಕಿ ಗಾಡಿ ಮಾಡ್ಕೊಂಡು, ಎಲ್ಲೋ ದೂರದ ಬ್ರಿಜ್ ಸುತ್ತಿ ಬಂದಿದ್ರು. ಎಲ್ಲರ ಕೈಯಾಗ ರೊಟ್ಟಿ ಬುತ್ತಿ. ನಮ್ಮ ಕಡಿ ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ, ಬ್ಯಾರೆಯವರು ಬುತ್ತಿ ತರ್ತಾರ. ಮುಂದ ಬಳಿಗಾರ ಕುಲಸುಮಬಿ. ಅಕಿ ಸೊಸಿ ಆಗಿ ಬಂದಾಗಿಂದ ಬಳಿ ಬುಟ್ಟಿ ಹೊತ್ತು ನನ್ನ ದೋಣ್ಯಾಗೇ ನಮ್ಮ ಊರಿಗಿ ಬರ್ತಾಳ.

"ಅಣ್ಣಾ, ಮುಳುಗಿತಂತಲ್ಲ?"

"ಹೌದು" ಅಂದೆ.

ಮತ್ತ ಎತ್ತತೇನಿ ಅನ್ನಬೇಕು ಅಂತ ಬಾಯಿ ತಗದಿದ್ದೆ. ಅಷ್ಟರಾಗ ಅಕಿ ಸೆರಗು ಬಾಯಿಗಿ ಇಟ್ಟು ಅಳಾಕತ್ತಳು. ಅಕಿನ್ನ ನೋಡಿ ಸುಭದ್ರಾ ಅತ್ತಳು. ಅಕಿಗಿ ಖರೆ ಗೊತ್ತಿತ್ತು, ಆದ್ರೂ ಅತ್ತಳು. ಸಾಹೇಬ್ರು ಹೋದಾಗಿಂದ ಒಳಗ ಹಿಡದಿಟ್ಟದ್ದು ಎಲ್ಲಾ ಹೊರಗ ಬಂತು. ಹೆಣ್ಣಮಕ್ಕಳು ಎಲ್ಲಾ ಕೂಡಿ ಅಳೂ ಮುಂದ ನಾ ನಡಬರಕ ಹೆಂಗ ಮಾತಾಡ್ಲಿ. ಗಂಡಸರು ದೋಣಿ ಗುಣಗಾನ ಮಾಡಿದ್ರು. ಎಂಥಾ ದೋಣಿ, ಒಬ್ಬರಿಗೂ ಒಂದು ದಿನ ತ್ರಾಸ ಕೊಡಲಿಲ್ಲ ಅಂದ್ರು. ಕೇಳಿ ನನ್ನ ಕಣ್ಣಾಗೂ ನೀರು ಬಂತು.

"ಯಾಕ ಹೇಳಲಿಲ್ರಿ?" ಅಂದ್ಳು ಸುಭದ್ರಾ, ಅವರು ಹೋದ ಮ್ಯಾಲ.

"ನೀ ಯಾಕ ಹೇಳಲಿಲ್ಲ?"

"ಅಷ್ಟು ಚಂದ ಅಳಾಕತ್ತಿದ್ರು" ಅಂದ್ಳು.

ಹಲಗಿ ಪೂರಾ ನೀರು ಕುಡಿಲಿ ಅಂತ ಎಂಟ ದಿನ ಬಿಟ್ಟು, ಕಲ್ಲು ತಗದು ದೋಣಿ ಎತ್ತಿದೆ. ಚೆಂಬಿಲೆ ನೀರು ಹೊರಗ ಹಾಕಿ ಕುಂತು ನೋಡಿದೆ. ಒಂದು ಹನಿ ಒಳಗ ಬರಲಿಲ್ಲ. ಡಬ್ಬಿ ಮುಚ್ಚಿದಂಗ ಕೂಡಿತ್ತು. ಬಣ್ಣನೂ ಹೋಗಿದ್ದಿಲ್ಲ, ಝಳಝಳ ಹೊಳಿತಿತ್ತು. ಸುಭದ್ರಾ ತಾನೂ ಬರ್ತೇನಿ ಅಂದ್ಳು. "ನೀವ ಹೋದ್ರ ಮತ್ತ ಹೌದು ಅಂದು ಬರ್ತೀರಿ."

ಆ ದಂಡಿಗಿ ಹತ್ತಿದಾಗ ಟೆಂಪೊ ನಿಂತಿತ್ತು. ನಮ್ಮ ಮನಿಗಿ ಬಂದು ಹೋದ ಮ್ಯಾಲ ಅವರಿಗಿ ದಾರಿ ರೂಢಿ ಆಗ್ಯಾದ. ಸಂತಿಗಿ ಹೊಂಟಿದ್ರು.

"ಛಲೋ ಆತಣ್ಣ" ಅಂದ್ಳು ಕುಲಸುಮಬಿ. "ಹೊಸಾ ದೋಣಿ ತಂದಿ."

"ಹೊಸಾದಲ್ಲ. ಅದೇ."

"ಅದು ಮುಳುಗಿತಲ್ಲ. ನೀನೇ ಅಂದಿ."

"ನಾನೇ ಮುಳುಗಿಸಿದ್ದು" ಅಂದೆ.

ಒಬ್ಬರ ಮಾರಿ ಒಬ್ಬರು ನೋಡಿದ್ರು. ಟೆಂಪೊದಾಗ ಕುಂತ ಮುದಕ ಬುರಾನುದ್ದೀನ ನಿಧಾನಕ ಹೇಳಿದ, "ಅದಕ್ಕ ಅವತ್ತು ಇನ್ಸುರನ್ಸ ಸಾಹೇಬ ಬಂದಿದ್ದನೇನು. ಹಳೇದು ಮುಳುಗಿಸಿ ಹೊಸಾದು ತಂದಾನ. ಮಾತಾಡಂಗಿಲ್ಲ, ಆದ್ರ ತಲಿ ಭಾಳ ಅದ."

ಸುಭದ್ರಾ ಕೆಳಗ ಇಳದು ಆಣಿ ಮಾಡಿ ಹೇಳಿದ್ಳು. ಕೊಡಾ ಹೊತ್ತದ್ದು, ಕೌದಿ ಹೊಚ್ಚಿದ್ದು, ಸಾಹೇಬ್ರು ತಲಿ ಹಾಕಿದ್ದು, ಎಲ್ಲಾ ಹೇಳಿದ್ಳು. ತಾಲೂಕಿಗಿ ಬಂದು ನಂಬಿಕಿ ಅದ ಅಂತ ಒಂದು ಮಾತು ಹೇಳ್ರಿ, ಅಷ್ಟೇ ಅಂದ್ಳು. ಎಲ್ಲರೂ ತಲಿ ಆಡಿಸಿ ಕೇಳಿದ್ರು. ಯಾರೂ ಸಿಟ್ಟಾಗಲಿಲ್ಲ. ಗಂಡನ ಮರ್ಯಾದಿ ಉಳಸ್ತಾಳ ಅಂತ ತಿಳಕೊಂಡ್ರು ಕಾಣ್ತದ.

"ಆ ದೋಣಿ ಆಗಿದ್ರ ಈಗೇ ಬರ್ತಿದ್ವಿ ತಾಯಿ" ಅಂದ ಬುರಾನುದ್ದೀನ. "ಅದು ಡಾಂಬರದ ಕಪ್ಪು, ಅದನ್ನ ನೋಡೀವಿ ನಾವು. ಇದನ್ನ ಹೆಂಗ ನಂಬೋದು."

ಟೆಂಪೊದವ ಹಾರ್ನ ಹೊಡದ. ಕುಲಸುಮಬಿ ಬಳಿ ಬುಟ್ಟಿ ಮ್ಯಾಲ ಕೊಟ್ಟು ತಾನೂ ಹತ್ತಿದ್ಳು. ಕುಂತ ಮ್ಯಾಲ ನನ್ನ ಕಡಿ ಬಗ್ಗಿದ್ಳು. ಅಕಿ ಕಣ್ಣಾಗ ಖರೇ ಕಾಳಜಿ ಇತ್ತು.

"ಸಂಭಾಳಿಸಿ ಹೋಗಣ್ಣ. ಹೊಸಾದು ಅದ. ಅದಕ್ಕಿನ್ನ ಹೊಳಿ ಗೊತ್ತಿಲ್ಲ."

ನಾ ಹೌದು ಅಂದೆ.