ಗಾಳೆಪ್ಪ ದೇವರಿಗೆ ಬಿಟ್ಟ ಆಕಳು

ಬೇಲಿಯ ಮುಳ್ಳುಕಂಟಿ ಮೊಳದಷ್ಟು ಸರಿದದ್ದೇ ಗಾಳೆಪ್ಪನ ಗ್ರಹಚಾರಕ್ಕೆ ಸಾಕಾಯಿತು. ಬೆಳಿಗ್ಗೆ ಅವನು ಬೀಡಿ ಹಚ್ಚಿ ತಲೆ ಎತ್ತುವಷ್ಟರಲ್ಲಿ ಅವನ ಆಕಳು ಗೌರಿ ಗುಡ್ಡದ ಮುಚ್ಚಿದ ಹುಲ್ಲುಗಾವಲಿನೊಳಗೆ, ಮದುವೆಯೂಟಕ್ಕೆ ಕೂತ ಬೀಗಿತ್ತಿಯಂತೆ, ಅವಸರವಿಲ್ಲದೆ ಮೇಯುತ್ತಿದ್ದಳು.

ಕುರುಗೋಡಿನ ಪಕ್ಕದ ಆ ಊರಿನ ಗೋಮಾಳವನ್ನು ನಾಲ್ಕು ಪಾಲು ಮಾಡಿ, ಸರದಿಯಂತೆ ಒಂದೊಂದಕ್ಕೆ ಬಿಡುವು ಕೊಡಬೇಕೆಂದು ಹಟ ಹಿಡಿದವನೇ ಗಾಳೆಪ್ಪ. "ಹುಲ್ಲು ಬೀಜ ಉದುರಿಸೋತನಕ ಯಾರ ದನಾನೂ ಒಳಗ ಕಾಲಿಡಬಾರ್ದು. ಇಟ್ರ, ಆ ದನಕ್ಕ ಒಂದು ವರ್ಷ ಗುಡ್ಡ ಬಂದ್" ಎಂದು ಪಂಚರಿಂದ ಕಟ್ಟಳೆ ಮಾಡಿಸಿದ್ದೂ ಅವನೇ. ಹೊಲವಿಲ್ಲದ ಅವನಿಗೆ ಆ ಗುಡ್ಡ ಬಿಟ್ಟರೆ ಗೌರಿಯನ್ನು ಮೇಯಿಸಲು ಬೇರೆ ಜಾಗವಿರಲಿಲ್ಲ.

ಅವನು ಓಡಿಹೋಗಿ ಆಕಳ ಬಾಲ ಹಿಡಿಯುವಷ್ಟರಲ್ಲಿ ನೆರೆಮನೆಯ ಜಡೆಮ್ಮ ಸೌದೆಹೊರೆ ಹೊತ್ತು ಬಂದು ನಿಂತಳು.

"ಗಾಳೆಪ್ಪಣ್ಣ, ಕಟ್ಟಳಿ ನಮಗ, ಹುಲ್ಲು ನಿನ್ನ ಗೌರಿಗೇನು?"

ಅವಳ ಹಿಂದೆಯೇ ಪಂಚರ ಹಿರಿಯ ಉಮಾಪತಿ ಬರುತ್ತಿದ್ದ. ಗಾಳೆಪ್ಪ ಅಂಗಿಯ ಜೇಬಿನಲ್ಲಿದ್ದ ದೇವರ ಭಂಡಾರದ ಅರಿಸಿನಪುಡಿಯನ್ನು ತೆಗೆದು ಗೌರಿಯ ಹಣೆಗೆ ಬಳಿದೇಬಿಟ್ಟ.

"ಇದು ನನ್ನ ಆಕಳಲ್ಲವ್ವ. ನಸುಕಿನ್ಯಾಗ ಮೈಲಾರಲಿಂಗಗ ಬಿಟ್ಟೀನಿ."

ದೇವರಿಗೆ ಬಿಟ್ಟ ದನ ಎಲ್ಲಿ ಮೇಯ್ದರೂ ಯಾರೂ ಕೋಲೆತ್ತುವಂತಿಲ್ಲ. ಜಡೆಮ್ಮ ಹೊರೆ ಇಳಿಸಿ, ಚಪ್ಪಲಿ ಕಳಚಿ, ಗೌರಿಗೆ ಕೈಮುಗಿದಳು. "ತಪ್ಪಾತು ನಮ್ಮವ್ವ."

ಉಮಾಪತಿ ಗಾಳೆಪ್ಪನನ್ನೇ ದಿಟ್ಟಿಸಿದ. "ಲೇ ಗಾಳ್ಯಾ, ಮನಸಾರೆ ಬಿಟ್ಟೀಯೇನು?"

"ಬಿಟ್ಟೀನ್ರಿ."

"ನಾಳಿ ನಾಲಿಗಿ ಹೊರಳಬಾರ್ದು."

"ಹೊರಳಂಗಿಲ್ರಿ."

ಉಮಾಪತಿ ಬಗ್ಗಿ ಒಂದು ಹುಲ್ಲುತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ ಊದಿದ. ಬರೀ ಹೊಟ್ಟು ಹಾರಿತು.

"ಬೀಜ ಪೂರಾ ಉದುರೇತಿ ನೋಡು. ನಿನ್ನೆ ಸಂಜಿಗೆ ಪಂಚರು ಕುಂತು ಈ ಪಾಲು ಮೇಯಾಕ ತೆಗದ್ವಿ. ಗಾಳ್ಯಾನ ಹಟದಿಂದ ಹುಲ್ಲು ಉಳೀತು, ಮೊದಲು ಅವನ ಆಕಳಾನ ಮೇಯಲಿ ಅಂತ ಮಾತಾತು. ಅದನ್ನ ಹೇಳಾಕ ನಿಮ್ಮ ಮನಿಗೇ ಹೊಂಟಿದ್ದೆ." ಅಂಗೈಯ ಹೊಟ್ಟು ಕೊಡವಿ ಹೇಳಿದ: "ಈಗ ದೇವರ ಆಕಳಾನ ಮೊದಲು ಬಂತು. ಇನ್ನೂ ಚಲೋ ಆತು ಬಿಡು."

ಗಾಳೆಪ್ಪ ಗೌರಿಯ ಹಳದಿ ಹಣೆಯನ್ನೇ ನೋಡಿದ.

ಸಂಜೆ ಗೌರಿ ಎಂದಿನಂತೆ ಅವನ ಬಾಗಿಲಿಗೇ ಬಂದು ಅಂಬಾ ಎಂದಳು. ಒಳಗೆ ಒಲೆಯ ಮೇಲೆ ಚಹಾ ಕರ್ರಗೆ ಕುದಿಯುತ್ತಾ ಹಾಲಿಗೆ ಕಾಯುತ್ತಿತ್ತು. ಅಷ್ಟರಲ್ಲಿ ಜಡೆಮ್ಮ ತೊಳೆದ ತಂಬಿಗೆ ಹಿಡಿದು ಹಾಜರಾದಳು.

"ದೇವರ ಹಾಲು, ಗುಡಿಗೆ ಒಯ್ಯಬೇಕು. ನಾ ಕುಂತ್ರ ಒದೀತೈತಿ. ನೀನಾ ಹಿಂಡಿಕೊಡಣ್ಣ."

ಗಾಳೆಪ್ಪ ಕುಕ್ಕರುಗಾಲಲ್ಲಿ ಕೂತು ಹಿಂಡಿದ. ತಂಬಿಗೆ ನೊರೆಗಟ್ಟಿ ತುಂಬಿದಾಗ ಎದ್ದ. ಜಡೆಮ್ಮ ಬಗ್ಗಿ ಕೆಚ್ಚಲನ್ನು ನೋಡಿದಳು.

"ಇನ್ನೊಂದೀಟು ಐತಿ. ದೇವರದು ಉಳಿಸ್ಕೋಬಾರ್ದಣ್ಣ."